ಒಲೆ ಹಚ್ಚದೆ ಮುರುಗಲ ಸಿರಪ್: ಗೋವಾದಲ್ಲಿ ಹಣ್ಣು ಆಯುವುದರಿಂದ ಬಾಟಲಿ ತುಂಬುವವರೆಗೆ

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಗೋವಾದಲ್ಲಿ ಮುರುಗಲ ಹಣ್ಣಿನ ಕಾಲ. ಮಂಗಳೂರು ಕಡೆಯವರು ಪುನರ್ಪುಳಿ ಅನ್ನುತ್ತಾರೆ, ಇಲ್ಲಿನವರು ಭಿರಂಡ್ ಅನ್ನುತ್ತಾರೆ, ಅಂಗಡಿಯಲ್ಲಿ ಕೋಕಂ. ಹಣ್ಣು ಒಂದೇ. ವಾಸ್ಕೋ, ಮಡಗಾಂವ್, ಫೋಂಡಾ ಕಡೆ ಇರುವ ನಮ್ಮ ಕನ್ನಡದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಕೋಕಂ ಸಿರಪ್ಪಿನ ಬಾಟಲಿ ಕೊಂಡು ತರುವವರೇ ಜಾಸ್ತಿ. ಅದೇ ಹೊತ್ತಿಗೆ ಮನೆಯ ಹಿಂದಿನ ಗಡಿಯಲ್ಲಿ, ಊರಿನ ಕಾಲುದಾರಿಯಲ್ಲಿ ಹಣ್ಣು ಉದುರಿ ಬಿದ್ದು ಕೊಳೆಯುತ್ತಿರುತ್ತದೆ. ಎರಡು ಕಿಲೋ ಹಣ್ಣು, ಎರಡು ಕಿಲೋ ಸಕ್ಕರೆ, ಒಂದು ವಾರದ ಬಿಸಿಲು ಇದ್ದರೆ ಒಂದು ಮನೆಗೆ ಮಳೆಗಾಲದವರೆಗೆ ಸಾಕಾಗುವಷ್ಟು ಸಿರಪ್ ಆಗುತ್ತದೆ. ಫೋಂಡಾದ ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆ ಇದನ್ನು ಮಾಡುತ್ತೇವೆ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಒಲೆ ಯಾಕೆ ಬೇಡ

ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಶುರು ಮಾಡುವುದೇ ಪಾತ್ರೆಗೆ ನೀರು ಹಾಕಿ ಒಲೆ ಮೇಲೆ ಇಡುವುದರಿಂದ. ಮುರುಗಲ ಸಿಪ್ಪೆಯ ಆ ಕಡು ಕೆಂಪು ಬಣ್ಣ ಆಂಥೋಸಯಾನಿನ್ ಅನ್ನುವ ವಸ್ತುವಿನದ್ದು. ಅದು ಬಿಸಿಗೆ ಹಾಳಾಗುತ್ತದೆ. ಹತ್ತು ಹದಿನೈದು ನಿಮಿಷ ಕುದಿಸಿದರೆ ಕೆಂಪು ಕಂದಾಗುತ್ತಾ ಬರುತ್ತದೆ, ಹಣ್ಣಿನ ತಾಜಾ ಪರಿಮಳವೂ ಆವಿಯ ಜೊತೆ ಹೋಗುತ್ತದೆ, ಉಳಿಯುವುದು ಬರೀ ಹುಳಿ ಮತ್ತು ಸಿಹಿ. ಆಮೇಲೆ ಜನ ಬಣ್ಣ ಹಾಕುತ್ತಾರೆ.

ಬೇಕಾಗಿಯೇ ಇಲ್ಲ. ಹಸಿ ಸಿಪ್ಪೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ ಇರುತ್ತದೆ. ಸಕ್ಕರೆ ಪಕ್ಕದಲ್ಲಿ ಇಟ್ಟರೆ ಸಾಕು, ಅದು ಸಿಪ್ಪೆಯೊಳಗಿನ ರಸವನ್ನೆಲ್ಲ ತಾನೇ ಹೊರಗೆ ಎಳೆಯುತ್ತದೆ, ಹುಳಿ ಮತ್ತು ಬಣ್ಣ ಎರಡೂ ಆ ರಸದ ಜೊತೆಗೇ ಬರುತ್ತವೆ. ಒಂದು ಹನಿ ನೀರು ಹಾಕುವುದಿಲ್ಲ. ಯುರೋಪಿನವರು ಕಾಡಿನ ಎಲ್ಡರ್ ಹೂವಿನಿಂದ ಇಂಥದ್ದೇ ಸಿರಪ್ ಮಾಡುತ್ತಾರೆ. ಆ ಹೂವಿನಲ್ಲಿ ಹುಳಿ ಇಲ್ಲವಾದ್ದರಿಂದ ನಿಂಬೆಹಣ್ಣು, ಸಿಟ್ರಿಕ್ ಆಮ್ಲ ಎಲ್ಲ ಸೇರಿಸಬೇಕು. ನಮ್ಮ ಮುರುಗಲಿಗೆ ಹುಳಿ ಹುಟ್ಟಿನಿಂದಲೇ ಬಂದಿದೆ. ಆ ಹುಳಿ ಮತ್ತು ಸರಿಯಾದ ಅಳತೆಯ ಸಕ್ಕರೆ, ಇವೆರಡೇ ಸಿರಪ್ಪನ್ನು ಕೆಡದಂತೆ ಕಾಯುತ್ತವೆ.

ಮರ ಗುರುತಿಸುವುದು

ಮಲೆನಾಡಿನಿಂದ, ಉತ್ತರ ಕನ್ನಡದಿಂದ ಬಂದವರಿಗೆ ಇದು ಹೇಳಬೇಕಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದವರು ಮಾತ್ರ ಈ ಭಾಗ ನಿಧಾನ ಓದಿ.

ಮರ ನೇರವಾಗಿ ಬೆಳೆದು ಮೇಲೆ ಚೂಪಾಗಿರುತ್ತದೆ, ಕೊಂಬೆಗಳು ಕೆಳಕ್ಕೆ ಜೋತು ಬಿದ್ದಿರುತ್ತವೆ. ಎಲೆ ಕಡು ಹಸಿರು, ಉದ್ದ, ಹೊಳೆಯುತ್ತದೆ. ಚಿಗುರು ಮಾತ್ರ ಕೆಂಪು. ಎಲೆಯ ನಡುವೆ ಒಂದೇ ದಪ್ಪ ನರ. ಹಣ್ಣು ಸಣ್ಣ ನಿಂಬೆಹಣ್ಣಿನ ಗಾತ್ರ, ಕಾಯಿ ಹಸಿರು, ಆಮೇಲೆ ಕೆಂಪು, ಪೂರ್ತಿ ಹಣ್ಣಾದಾಗ ಕಪ್ಪಿಗೆ ಹತ್ತಿರದ ನೇರಳೆ. ತೊಟ್ಟಿನ ಹತ್ತಿರ ಸಣ್ಣ ಟೋಪಿಯಂತೆ ನಾಲ್ಕು ದಳ ಅಂಟಿಕೊಂಡಿರುತ್ತದೆ. ಬಿಡಿಸಿದರೆ ದಪ್ಪ ಕೆಂಪು ಸಿಪ್ಪೆ, ಒಳಗೆ ಬಿಳಿ ತಿರುಳು ಸುತ್ತಿಕೊಂಡ ಐದರಿಂದ ಎಂಟು ಬೀಜ. ಗಾಯವಾದ ಕಡೆ ಹಳದಿ ಅಂಟು ಬರುತ್ತದೆ. ಕೆಲವು ಮರ ಎಷ್ಟು ವರ್ಷವಾದರೂ ಕಾಯಿ ಬಿಡುವುದಿಲ್ಲ, ಅವು ಗಂಡು ಮರ. ಮುರುಗಲಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಮರ.

ಹಳದಿ ಹಣ್ಣು ಕಂಡರೆ ಸ್ವಲ್ಪ ತಡೆಯಿರಿ. ಬಿಳಿ ಮುರುಗಲು ಅಂತ ಒಂದಿದೆ, ಸಿರ್ಸಿ ಕಡೆ ಚೆನ್ನಾಗಿ ಗೊತ್ತು, ಅದೂ ಮುರುಗಲೇ, ಬಣ್ಣ ಬರುವುದಿಲ್ಲ ಅಷ್ಟೇ. ಉಪ್ಪಾಗೆ ಅನ್ನುವ ಇನ್ನೊಂದು ಹಣ್ಣು ಕೂಡ ಹಳದಿ, ಆದರೆ ಅದರ ಮೈ ಮೇಲೆ ಆಳವಾದ ಗೀರು ಇರುತ್ತದೆ. ಅದೂ ವಿಷ ಅಲ್ಲ, ಆದರೆ ಈ ಸಿರಪ್ಪಿಗೆ ಬೇಡ.

ವಿಷದ ವಿಚಾರ ಬಂದರೆ ನೆನಪಿಡಬೇಕಾದ್ದು ಕಾಸರಕ. ಗೋವಾದ ಮುರಕಲ್ಲಿನ ಗುಡ್ಡಗಳಲ್ಲಿ ಅದೂ ಇದೆ, ದುಂಡಗಿನ ಕಿತ್ತಳೆ ಬಣ್ಣದ ಹಣ್ಣು, ನೋಡಲು ಚೆಂದ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ಘೋರ ವಿಷ. ಹೊರಗಿನ ಸಿಪ್ಪೆ ಗಟ್ಟಿ ಓಡಿನಂತೆ, ಕೈಯಲ್ಲಿ ಒತ್ತಿದರೆ ಬಗ್ಗುವುದಿಲ್ಲ. ಎಲೆಯ ಬುಡದಿಂದಲೇ ಮೂರರಿಂದ ಐದು ನರ ಒಟ್ಟಿಗೆ ಹೊರಡುತ್ತವೆ, ಬೀಜ ಚಪ್ಪಟೆ ಬಿಲ್ಲೆ. ಮುರುಗಲ ಹಣ್ಣಿನ ಜೊತೆ ನೋಡಿದವರು ಎಂದೂ ತಪ್ಪುವುದಿಲ್ಲ, ಆದರೆ ಮಕ್ಕಳನ್ನು ಆಯಲು ಕಳಿಸುವ ಮೊದಲು ತೋರಿಸಿ ಹೇಳಿ. ನೂರಕ್ಕೆ ನೂರು ಖಾತ್ರಿ ಇಲ್ಲದ ಹಣ್ಣನ್ನು ಬಾಯಿಗೆ ಇಡಬೇಡಿ. ಮೊದಲ ಸಲ ಊರಿನ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಎಲ್ಲಿ ಆಯಬಹುದು, ಯಾರನ್ನು ಕೇಳಬೇಕು

ಫೋಂಡಾ ತಾಲ್ಲೂಕಿನ ಸಾವಯ್ ವೆರೆಂ, ಕೇರಿ, ಪ್ರಿಯೋಳ್ ಕಡೆ, ಹಾಗೆಯೇ ಸತ್ತರಿ, ಸಾಂಗೆ, ಕಾಣಕೋಣದಲ್ಲಿ ಕುಳಾಗರಗಳಿವೆ. ಅಂದರೆ ತೆಂಗು, ಅಡಿಕೆ, ಬಾಳೆ, ಮೆಣಸು ಎಲ್ಲ ಒಟ್ಟಿಗೆ ಇರುವ, ನಮ್ಮ ಮಲೆನಾಡಿನ ತೋಟದಂಥದ್ದೇ ಜಾಗ. ಅದರ ಅಂಚಿನಲ್ಲಿ ಮುರುಗಲ ಮರ ಇದ್ದೇ ಇರುತ್ತದೆ. ಬೇಲಿ ಇಲ್ಲ ಅಂದ ಮಾತ್ರಕ್ಕೆ ಯಾರದ್ದೂ ಅಲ್ಲ ಅಂತ ಅಲ್ಲ. ಇಲ್ಲಿನ ಎಷ್ಟೋ ಮನೆಗಳಿಗೆ ಒಣಗಿಸಿದ ಸಿಪ್ಪೆ, ಅದನ್ನು ಇಲ್ಲಿ ಸೋಲಾಂ ಅನ್ನುತ್ತಾರೆ, ಬೇಸಿಗೆಯ ಒಂದು ಸಣ್ಣ ಆದಾಯ. ಮಳೆಗಾಲಕ್ಕೆ ಮೊದಲು ಮಾಡಿಟ್ಟುಕೊಳ್ಳುವ ಪುರುಮೆಂತ್ ಸಾಮಾನಿನಲ್ಲಿ ಅದಿಲ್ಲದೆ ಆಗುವುದಿಲ್ಲ. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಮೇ ತಿಂಗಳಲ್ಲಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ.

ಆದ್ದರಿಂದ ಕೇಳಿ. ಗಂಡಸರಿಗೆ ಬಾಬ್, ಹೆಂಗಸರಿಗೆ ಬಾಯ್ ಅಂತ ಕರೆದು, ಬರುವಷ್ಟು ಕೊಂಕಣಿಯಲ್ಲಿ ಭಿರಂಡ್ ಆಯಬಹುದಾ ಅಂತ ಕೇಳಿದರೆ ಬಹಳ ಸಲ ಹೂಂ ಅನ್ನುತ್ತಾರೆ, ಅದರಲ್ಲೂ ಕೂಲಿಗೆ ಜನ ಸಿಗದೆ ಹಣ್ಣು ಉದುರಿ ಹೋಗುತ್ತಿರುವ ತೋಟದವರು. ಕೊಯ್ದ ಹಣ್ಣಿನ ಒಂದು ಪಾಲು ಅವರಿಗೆ ಕೊಡಿ, ಇಲ್ಲವೇ ಸಿರಪ್ ಆದ ಮೇಲೆ ಒಂದು ಬಾಟಲಿ ಮುಟ್ಟಿಸಿ. ಬೀಜ ತಮಗೇ ಬೇಕು ಅಂದರೆ ಅದನ್ನೂ ವಾಪಸ್ ಕೊಡಿ, ಅದರಿಂದ ಅವರು ತುಪ್ಪ ತೆಗೆಯುತ್ತಾರೆ.

ಅಭಯಾರಣ್ಯದೊಳಗೆ ಬೇಡ. ಮ್ಹಾದೇಯಿ, ಭಗವಾನ್ ಮಹಾವೀರ, ನೇತ್ರಾವಳಿ, ಖೋತಿಗಾಂವ್, ಬೋಂಡ್ಲಾ, ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುವ ಕಾಡು. ಅಲ್ಲಿನ ಹಣ್ಣು ಅಲ್ಲಿನ ಪ್ರಾಣಿಗಳಿಗೆ. ಹೊರಗಿನ ಮರದಲ್ಲೂ ಪೂರ್ತಿ ಬೋಳಿಸಬೇಡಿ, ಮೇಲಿನ ಕೊಂಬೆ ಕೋತಿಗೂ ಅಳಿಲಿಗೂ ಇರಲಿ. ಅದಿರು ಲಾರಿ ಓಡಾಡುವ ರಸ್ತೆಯ ಬದಿಯ ಮರವನ್ನೂ ಬಿಡಿ. ಆ ಕೆಂಪು ಧೂಳು ತೊಟ್ಟಿನ ಸಂದಿಯಲ್ಲಿ ಕೂತರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಮುಂಬೈಯವರು, ಪುಣೆಯವರು ಮರ ಹುಡುಕುತ್ತಾ ಅಲೆಯುವುದು ಬೇಡ. ಮೇ ತಿಂಗಳಲ್ಲಿ ಕೊಂಕಣದ ಊರಿಗೆ ಹೋಗಿ ಬರುವ ಮರಾಠಿ ನೆರೆಯವರು ಇದ್ದೇ ಇರುತ್ತಾರಲ್ವಾ, ಹಸಿ ಹಣ್ಣಿಗೆ ಅವರು ರಾತಾಂಬೆ ಅನ್ನುತ್ತಾರೆ, ಅದನ್ನು ತನ್ನಿ ಅಂತ ಹೇಳಿ. ಬರೀ ಕೋಕಂ ಅಂದರೆ ಒಣ ಸಿಪ್ಪೆ ತಂದುಕೊಡುತ್ತಾರೆ. ಸಿಂಧುದುರ್ಗ, ರತ್ನಗಿರಿಯ ಕೋಕಂಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ಹಣ್ಣು ಒಳ್ಳೆಯದೇ ಸಿಗುತ್ತದೆ.

ಆಯುವ ಹೊತ್ತು

ಪೂರ್ತಿ ನೇರಳೆ ಬಂದದ್ದು ಮಾತ್ರ. ಅರೆಗೆಂಪು ಹಣ್ಣಿನಲ್ಲಿ ಹುಳಿ ಇರುತ್ತದೆ, ಬಣ್ಣ ಇರುವುದಿಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸ್ವಲ್ಪ ಬಗ್ಗಬೇಕು, ಕುಸಿಯಬಾರದು. ಒಂದೇ ಮರದ ಹಣ್ಣು ಒಟ್ಟಿಗೆ ಹಣ್ಣಾಗುವುದಿಲ್ಲ, ನಾಲ್ಕೈದು ದಿನ ಬಿಟ್ಟು ಮತ್ತೆ ಹೋಗಬೇಕಾಗುತ್ತದೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೋಗಿ. ದೋಟಿಯ ತುದಿಗೆ ಸಣ್ಣ ಬಲೆ ಕಟ್ಟಿಕೊಂಡರೆ ಹಣ್ಣು ನೆಲಕ್ಕೆ ಬಿದ್ದು ಒಡೆಯುವುದಿಲ್ಲ. ಕೊಂಬೆಗೆ ಕೈ ಹಾಕುವ ಮೊದಲು ಎಲೆ ಸೇರಿಸಿ ಹೆಣೆದ ಚಗಳಿ, ಅಂದರೆ ಕಚ್ಚುವ ಕೆಂಪಿರುವೆಯ, ಗೂಡು ಇದೆಯಾ ನೋಡಿ. ಮರದ ಕೆಳಗೆ ಬಿದ್ದದ್ದನ್ನು ಆಯುವುದಾದರೆ ಆ ದಿನ ಬೆಳಿಗ್ಗೆ ಬಿದ್ದದ್ದು, ಮೈ ಒಡೆಯದ್ದು, ತೂತಿಲ್ಲದ್ದು ಮಾತ್ರ. ತಂತಿ ಬುಟ್ಟಿಯಲ್ಲೋ ಬಟ್ಟೆ ಚೀಲದಲ್ಲೋ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿ ಸ್ಕೂಟರಿಗೆ ನೇತು ಹಾಕಿದರೆ ಮನೆ ಮುಟ್ಟುವಷ್ಟರಲ್ಲಿ ಬೆವರಿ ಮೆತ್ತಗಾಗಿರುತ್ತದೆ.

ಮಳೆಗಾಲ ಹಿಡಿದರೆ ಆಟ ಮುಗಿಯಿತು. ಗೋವಾಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಬರುತ್ತದೆ, ಅದಕ್ಕೆ ಮೊದಲೇ ಮೇ ಕೊನೆಯಲ್ಲಿ ಗುಡುಗಿನ ಮಳೆ ಒಂದೆರಡು ಇದ್ದೇ ಇರುತ್ತದೆ. ಮಳೆ ಕುಡಿದ ಹಣ್ಣು ನೀರಾಗುತ್ತದೆ, ಬಿರಿಯುತ್ತದೆ, ಒಳಗೆ ಬೂಷ್ಟು ಹಿಡಿಯುತ್ತದೆ. ಮಳೆ ಬಂದರೆ ಎರಡು ಮೂರು ದಿನ ಒಳ್ಳೆ ಬಿಸಿಲು ಬೀಳುವವರೆಗೆ ಕಾಯಿರಿ. ಮೇ ಮೊದಲ ಎರಡು ವಾರ ಎಲ್ಲಕ್ಕಿಂತ ಒಳ್ಳೆಯ ಹೊತ್ತು.

ಅಳತೆ ಮತ್ತು ಪಾತ್ರೆ

ಎಲ್ಲವನ್ನೂ ತೂಕದಲ್ಲಿ ಅಳೆಯಿರಿ, ಲೋಟದಲ್ಲಿ ಬೇಡ. ಹಣ್ಣಿನ ತೂಕದ ಸುಮಾರು ಅರ್ಧ ಸಿಪ್ಪೆ ಸಿಗುತ್ತದೆ, ಉಳಿದದ್ದು ಬೀಜ ಮತ್ತು ತಿರುಳು. ಅಂದರೆ ಹೀಗೆ:

ಹಣ್ಣು 2 ಕಿಲೋ, ಅದರಿಂದ ಸಿಪ್ಪೆ ಸುಮಾರು 1 ಕಿಲೋ
ಸಕ್ಕರೆ 2 ಕಿಲೋ, ಅಂದರೆ ಸಿಪ್ಪೆಯ ತೂಕದ ಎರಡರಷ್ಟು
ಉಪ್ಪು ಒಂದು ಟೀ ಚಮಚ

ಇಷ್ಟಕ್ಕೆ ಹತ್ತಿರ ಹತ್ತಿರ ಎರಡು ಲೀಟರ್ ಸಿರಪ್ ಬರುತ್ತದೆ.

ಸಕ್ಕರೆ ಜಾಸ್ತಿ ಆಯಿತಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ, ಕಡಿಮೆ ಮಾಡುವ ಆಸೆಯೂ ಆಗುತ್ತದೆ. ಆದರೆ ಇಲ್ಲಿ ಸಕ್ಕರೆ ಇರುವುದು ರುಚಿಗೆ ಮಾತ್ರ ಅಲ್ಲ. ಸಿರಪ್ಪಿನಲ್ಲಿ ನೂರಕ್ಕೆ 65 ಭಾಗಕ್ಕಿಂತ ಮೇಲೆ ಸಕ್ಕರೆ ಇದ್ದರೆ ಸೂಕ್ಷ್ಮಜೀವಿಗಳಿಗೆ ಬೆಳೆಯಲು ನೀರು ಸಿಗುವುದಿಲ್ಲ. ಅಂಗಡಿಯಲ್ಲಿ ಹಣ್ಣಿನ ಸಿರಪ್ ಅಂತ ಮಾರುವುದಕ್ಕೂ ಕನಿಷ್ಠ 65 ಅಂತಲೇ ನಿಯಮ ಇದೆ. ಸಿಪ್ಪೆಗೆ ಸರಿಸಮ ಸಕ್ಕರೆ ಹಾಕಿಯೂ ಮಾಡಬಹುದು, ರುಚಿ ಇನ್ನೂ ಚುರುಕಾಗಿರುತ್ತದೆ. ಆದರೆ ಅದನ್ನು ಹೊರಗೆ ಇಡುವಂತಿಲ್ಲ, ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಮಧ್ಯದ ದಾರಿ ಹುಡುಕಿ ಒಂದೂವರೆ ಪಾಲು ಹಾಕಿ ಹೊರಗಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಬೆಲ್ಲ ಬೇಡ. ಬೆಲ್ಲದ ಪಾನಕ ಎಷ್ಟು ರುಚಿ ಅಂತ ನನಗೂ ಗೊತ್ತು, ಆದರೆ ಬೆಲ್ಲದಲ್ಲಿ ತೇವ, ಮಣ್ಣು ಎಲ್ಲ ಇರುತ್ತದೆ, ಬೇಗ ಹುಳಿತು ನೊರೆ ಬರುತ್ತದೆ. ಬಣ್ಣವೂ ಕಂದಾಗುತ್ತದೆ. ಬೆಲ್ಲ ಬೇಕೇ ಬೇಕು ಅನ್ನುವವರು ಹಸಿ ಹಣ್ಣನ್ನು ಕಿವುಚಿ ಆಗಿಂದಾಗ ಪಾನಕ ಮಾಡಿ ಕುಡಿಯಿರಿ.

ಪಾತ್ರೆಗೆ ಗಾಜಿನ ಭರಣಿ ಅಥವಾ ಉಪ್ಪಿನಕಾಯಿಯ ಪಿಂಗಾಣಿ ಜಾಡಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಕಬ್ಬಿಣ ಯಾವುದೂ ಹತ್ತಿರ ಬರಬಾರದು, ಇದರ ಹುಳಿ ಲೋಹವನ್ನು ತಿನ್ನುತ್ತದೆ. ಸ್ಟೀಲ್ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತೊಂದರೆ ಇಲ್ಲ, ವಾರಗಟ್ಟಲೆ ಇಡಬೇಡಿ. ಕಲಕಲು ಮರದ ಸೌಟು, ಪೂರ್ತಿ ಒಣಗಿದ್ದು. ಹಳೆಯ ಉಪ್ಪಿನಕಾಯಿ ಜಾಡಿ ಆದರೆ ಎಣ್ಣೆ, ಇಂಗಿನ ವಾಸನೆ ಪೂರ್ತಿ ಹೋಗಿದೆಯಾ ನೋಡಿ. ಸಕ್ಕರೆ ಆ ವಾಸನೆಯನ್ನೂ ಎಳೆದುಕೊಳ್ಳುತ್ತದೆ.

ಹಣ್ಣು ತೊಳೆದು ಬಿಡಿಸುವುದು

ಇಡೀ ಹಣ್ಣನ್ನು ಮೊದಲು ತೊಳೆಯಬೇಕು. ಎರಡು ಮೂರು ನೀರು ಬದಲಿಸಿ, ತೊಟ್ಟಿನ ಟೋಪಿ ಕಿತ್ತು, ಅದರ ಕೆಳಗೆ ಬೆರಳಾಡಿಸಿ ತೊಳೆಯಿರಿ. ಆಮೇಲೆ ಪಂಚೆಯ ಮೇಲೆ ಹರಡಿ, ಒರೆಸಿ, ಫ್ಯಾನಿನ ಕೆಳಗೆ ಒಂದೆರಡು ಗಂಟೆ ಬಿಡಿ. ಒಂದು ಹನಿಯೂ ಉಳಿಯಬಾರದು. ಇದಾದ ಮೇಲೆಯೇ ಚಾಕು. ಬಿಡಿಸಿದ ಮೇಲೆ ತೊಳೆದರೆ ರಸವೂ ಹೋಯಿತು, ನೀರೂ ಸೇರಿತು.

ಅಡ್ಡಕ್ಕೆ ಎರಡು ಹೋಳು ಮಾಡಿ. ಬೀಜದ ಮುದ್ದೆಯನ್ನು ಬೆರಳಿನಿಂದ ಒತ್ತಿದರೆ ಇಡಿಯಾಗಿ ಹೊರಗೆ ಬರುತ್ತದೆ, ಅದನ್ನು ಬೇರೆ ಬಟ್ಟಲಿಗೆ ಹಾಕಿ, ಎಸೆಯಬೇಡಿ. ಸಿಪ್ಪೆಯ ಒಳಗೆ ಅಂಟಿದ ತೆಳು ತಿರುಳು ಇದ್ದರೆ ಇರಲಿ, ಅದೂ ರುಚಿಯೇ. ಹುಳು ಇದ್ದದ್ದು, ಒಳಗೆ ಕಂದಾದದ್ದು ಕಂಡರೆ ಆ ಹೋಳು ಪೂರ್ತಿ ಆಚೆ. ಎಲ್ಲ ಮುಗಿದ ಮೇಲೆ ಸಿಪ್ಪೆಯನ್ನು ತೂಗಿ, ಸಕ್ಕರೆ ಲೆಕ್ಕ ಹಾಕಿ.

ಕೈಯ ವಿಚಾರ ಹೇಳಬೇಕು. ಈ ಕೆಲಸ ಮಾಡುವಾಗ ಬೆರಳು, ಉಗುರಿನ ಸಂದಿ ಎಲ್ಲ ಕೆನ್ನೇರಳೆ ಆಗುತ್ತದೆ. ಸೋಪು ಹಚ್ಚಿದ ತಕ್ಷಣ ಆ ಕೆಂಪು ನಿಮ್ಮ ಕಣ್ಣೆದುರೇ ನೀಲಿಗೆ ತಿರುಗುತ್ತದೆ, ನೊರೆಯೂ ನೀಲಿ. ಹೆದರಬೇಡಿ. ಹುಳಿಯಲ್ಲಿ ಕೆಂಪಾಗಿರುವ ಆಂಥೋಸಯಾನಿನ್ ಸೋಪಿನ ಕ್ಷಾರ ಸಿಕ್ಕಾಗ ನೀಲಿಯಾಗುತ್ತದೆ. ನಿಂಬೆಹೋಳು ಉಜ್ಜಿದರೆ ಮತ್ತೆ ಕೆಂಪಾಗುತ್ತದೆ, ಮಕ್ಕಳಿಗೆ ಇದನ್ನು ತೋರಿಸಿ, ಬಹಳ ಖುಷಿಪಡುತ್ತಾರೆ. ಹಳದಿ ಅಂಟು ಮಾತ್ರ ಸೋಪಿಗೆ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ತೊಳೆಯಿರಿ. ಬಿಳಿ ಬಟ್ಟೆ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ.

ಜಾಡಿ ತುಂಬುವುದು, ಬಿಸಿಲಿಗೆ ಇಡುವುದು

ಜಾಡಿಯ ತಳಕ್ಕೆ ಒಂದು ಬೆರಳು ದಪ್ಪ ಸಕ್ಕರೆ. ಅದರ ಮೇಲೆ ಸಿಪ್ಪೆಗಳನ್ನು ಬಟ್ಟಲಿನಂತೆ ಮೇಲ್ಮುಖ ಮಾಡಿ ಒತ್ತಾಗಿ ಜೋಡಿಸಿ. ಪ್ರತಿ ಹೋಳಿನ ಹೊಟ್ಟೆಗೂ ಸಕ್ಕರೆ ತುಂಬಬೇಕು, ಸುಮ್ನೆ ಮೇಲೆ ಚೆಲ್ಲಿದರೆ ಆಗುವುದಿಲ್ಲ. ಮತ್ತೆ ಸಕ್ಕರೆ, ಮತ್ತೆ ಸಿಪ್ಪೆ. ಕೊನೆಯ ಪದರ ಸಕ್ಕರೆಯದ್ದೇ ಆಗಿರಲಿ, ಒಂದು ಸಿಪ್ಪೆಯ ತುದಿಯೂ ಕಾಣಬಾರದು. ಜಾಡಿಯ ಕಾಲು ಭಾಗ ಖಾಲಿ ಬಿಡಿ, ಇಲ್ಲದಿದ್ದರೆ ಕಲಕಲು ಆಗುವುದಿಲ್ಲ. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಮುಚ್ಚಳ ಸಡಿಲವಾಗಿ ಇಡಿ.

ಬಿಸಿಲಿನಲ್ಲಿ ನಮಗೆ ಬೇಕಾದ್ದು ಕಾವು, ಬೆಳಕು ಅಲ್ಲ. ಬೆಳಕೂ ಈ ಬಣ್ಣವನ್ನು ಮಸುಕು ಮಾಡುತ್ತದೆ. ಹಾಗಾಗಿ ಗಾಜಿನ ಭರಣಿ ಆದರೆ ಸುತ್ತ ಒಂದು ಕಪ್ಪು ಬಟ್ಟೆ ಸುತ್ತಿ. ಪಿಂಗಾಣಿ ಜಾಡಿಗೆ ಆ ಚಿಂತೆ ಇಲ್ಲ, ಅದಕ್ಕೇ ನನಗೆ ಅದು ಇಷ್ಟ. ಜಾಡಿಯನ್ನು ನೀರು ತುಂಬಿದ ಅಗಲ ತಟ್ಟೆಯೊಳಗೆ ನಿಲ್ಲಿಸಿ, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಊರಿನ ಇರುವೆಯೆಲ್ಲ ಅಲ್ಲೇ. ಸಂಜೆ ಒಳಗೆ ತನ್ನಿ. ಗೋವಾದ ರಾತ್ರಿಯ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಅಂತ ಒಗೆದ ಬಟ್ಟೆ ಒಣಗಿಸುವ ಎಲ್ಲರಿಗೂ ಗೊತ್ತು.

ಮೊದಲ ಒಂದು ಗಂಟೆಯಲ್ಲೇ ಸಕ್ಕರೆ ಒದ್ದೆಯಾಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಜಾಡಿಯಲ್ಲಿ ಅರ್ಧದವರೆಗೆ ಕೆಂಪು ರಸ, ತಳದಲ್ಲಿ ಗಟ್ಟಿ ಸಕ್ಕರೆ, ಮೇಲೆ ತೇಲುವ ಸಿಪ್ಪೆ. ಇಲ್ಲಿಂದ ದಿನಕ್ಕೆ ಎರಡು ಸಲ, ಬೆಳಿಗ್ಗೆ ಬಿಸಿಲಿಗೆ ಇಡುವ ಮೊದಲು ಮತ್ತು ಸಂಜೆ ಒಳಗೆ ತಂದ ಮೇಲೆ, ತಳದಿಂದ ಎತ್ತಿ ಕಲಕಬೇಕು. ಇದನ್ನು ತಪ್ಪಿಸಬೇಡಿ. ತೇಲುವ ಸಿಪ್ಪೆಯ ಬೆನ್ನು ಗಾಳಿಗೆ ತೆರೆದುಕೊಂಡಿರುತ್ತದೆ, ಬೂಷ್ಟು ಶುರುವಾಗುವುದು ಅಲ್ಲೇ. ಕಲಕಿ, ಸೌಟಿನಿಂದ ಒತ್ತಿ ಮುಳುಗಿಸಿ. ಒಂದು ತೊಳೆದ ಗಾಜಿನ ತಟ್ಟೆಯನ್ನು ಭಾರಕ್ಕೆ ಮೇಲಿಟ್ಟರೂ ಆಗುತ್ತದೆ.

ಮೂರನೆಯ ದಿನದವರೆಗೂ ತಳದ ಸಕ್ಕರೆ ಕರಗುವುದೇ ಇಲ್ಲವೇನೋ ಅನ್ನಿಸುತ್ತದೆ. ಕರಗುತ್ತದೆ. ಅಷ್ಟು ರಸದಲ್ಲಿ ಅಷ್ಟು ಸಕ್ಕರೆ ಒಮ್ಮೆಗೇ ಹಿಡಿಯುವುದಿಲ್ಲ. ಆದರೆ ಹಣ್ಣಿನ ಹುಳಿ ಮತ್ತು ಬಿಸಿಲಿನ ಕಾವು ಸೇರಿ ಸಕ್ಕರೆಯನ್ನು ನಿಧಾನವಾಗಿ ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತವೆ, ಆಗ ಹೆಚ್ಚು ಕರಗುತ್ತದೆ. ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟದೇ ಇರುವುದಕ್ಕೂ ಇದೇ ಕಾರಣ. ಅವಸರಕ್ಕೆ ನೀರು ಸೇರಿಸಿದರೆ ಮಾಡಿದ್ದೆಲ್ಲ ಹಾಳು.

ಐದರಿಂದ ಏಳು ದಿನದಲ್ಲಿ ಆಗುತ್ತದೆ. ಸಿಪ್ಪೆ ತೆಳ್ಳಗಾಗಿ, ಚರ್ಮದಂತೆ ಬಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿರಬೇಕು. ಸೌಟಿನಲ್ಲಿ ಸಕ್ಕರೆಯ ಹರಳು ಸಿಗಬಾರದು. ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ನೀರಿನ ಹಾಗೆ ಓಡಬಾರದು. ಕೊನೆಯ ದಿನ ಉಪ್ಪು ಹಾಕಿ ಕಲಕಿ.

ಮಧ್ಯದಲ್ಲಿ ಮೋಡ ಕವಿದರೆ ಗಾಬರಿ ಬೇಡ. ಸಕ್ಕರೆ ರಸ ಎಳೆಯುವುದಕ್ಕೆ ಬಿಸಿಲೇ ಬೇಕು ಅಂತಿಲ್ಲ, ಬಿಸಿಲಿದ್ದರೆ ಬೇಗ ಅಷ್ಟೇ. ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಇಟ್ಟು ಕಲಕುತ್ತಾ ಇರಿ, ಇನ್ನೂ ನಾಲ್ಕೈದು ದಿನ ಜಾಸ್ತಿ ಹಿಡಿಯುತ್ತದೆ.

ಸೋಸಿ ತುಂಬುವುದು

ಮಲ್ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಪೂರ್ತಿ ಒಣಗಿಸಿಟ್ಟುಕೊಳ್ಳಿ. ಜಾಡಿಯಲ್ಲಿರುವುದನ್ನೆಲ್ಲ ಅದಕ್ಕೆ ಸುರಿದು, ಗಂಟು ಕಟ್ಟಿ ರಾತ್ರಿಯಿಡೀ ನೇತು ಹಾಕಿ, ಕೆಳಗೆ ಸ್ಟೀಲ್ ಪಾತ್ರೆ. ಹಿಂಡಬೇಡಿ. ಹಿಂಡಿದರೆ ನಾಲ್ಕು ಚಮಚ ಜಾಸ್ತಿ ಸಿಗುತ್ತದೆ, ಆದರೆ ಸಿರಪ್ ಮಬ್ಬಾಗಿ ತಳದಲ್ಲಿ ಗಸಿ ಕೂರುತ್ತದೆ.

ಬಾಟಲಿ ಗಾಜಿನದ್ದೇ ಇರಲಿ. ತೊಳೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬೋರಲು ಹಾಕಿ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ತುಂಬಿ. ಮೇಲೆ ಎರಡು ಬೆರಳು ಜಾಗ ಬಿಡಿ. ಲೋಹದ ಮುಚ್ಚಳ ಒಳಗಿಂದ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ಅಥವಾ ಕಾರ್ಕ್ ಹಾಕಿ. ದೊಡ್ಡ ಬಾಟಲಿ ಒಂದಕ್ಕಿಂತ ಅರ್ಧ ಲೀಟರಿನ ನಾಲ್ಕು ಒಳ್ಳೆಯದು, ಒಂದನ್ನು ತೆರೆದಾಗ ಉಳಿದ ಮೂರು ಮುಚ್ಚಿಯೇ ಇರುತ್ತವೆ. ಮೇಲೆ ತಿಂಗಳು, ವರ್ಷ ಬರೆದಂಟಿಸಿ.

ಕೆಡದಂತೆ ಕಾಯುವ ರಾಸಾಯನಿಕ ಸೋಡಿಯಂ ಬೆಂಜೊಯೇಟ್ ಹಾಕಬೇಕಾ ಅಂತ ಕೇಳುವವರಿದ್ದಾರೆ. ಮಾರುವವರು ಹಾಕುತ್ತಾರೆ. ಮನೆಗೆ ಬೇಡ. ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಅಂತೂ ಹಾಕಲೇಬೇಡಿ, ಅದರ ಗಂಧಕದ ಅನಿಲ ಈ ಕೆಂಪನ್ನೇ ಬಿಳಿಚಿಸಿಬಿಡುತ್ತದೆ. ಎರಡು ಪಾಲು ಸಕ್ಕರೆಯ ಸಿರಪ್ ಬೆಳಕು ಬೀಳದ ಕಪಾಟಿನಲ್ಲಿ ಕೆಲವು ತಿಂಗಳು ಚೆನ್ನಾಗಿರುತ್ತದೆ, ಫ್ರಿಜ್ಜಿನಲ್ಲಿ ಮುಂದಿನ ಬೇಸಿಗೆಯವರೆಗೆ. ತೆರೆದ ಬಾಟಲಿ ಫ್ರಿಜ್ಜಿಗೇ ಹೋಗಬೇಕು. ತಿಂಗಳು ಕಳೆದಂತೆ ಬಣ್ಣ ಸ್ವಲ್ಪ ಕಂದಾಗುತ್ತದೆ, ಅದು ಕೆಟ್ಟದ್ದರ ಗುರುತಲ್ಲ.

ಕೆಟ್ಟದ್ದರ ಗುರುತು ಬೇರೆ. ಜಾಡಿಯಲ್ಲಿದ್ದಾಗ ಸಣ್ಣ ಗುಳ್ಳೆ ಏಳುತ್ತಾ ಹೆಂಡದ ವಾಸನೆ ಶುರುವಾದರೆ ಹುಳಿಯಲು ಹತ್ತಿದೆ ಅಂತ ಅರ್ಥ. ಆಗಷ್ಟೇ ಶುರುವಾಗಿದ್ದರೆ ಕೂಡಲೇ ಸೋಸಿ, ಕುದಿಸದೆ, 85 ಡಿಗ್ರಿಯವರೆಗೆ ಬಿಸಿ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಹಸಿ ಹಣ್ಣಿನ ಸಿರಪ್ಪಿಗೆ ಒಲೆ ಹಚ್ಚಲು ನಾನು ಒಪ್ಪುವುದು ಈ ಒಂದು ಸಂದರ್ಭದಲ್ಲಿ. ಮೇಲೆ ಬಿಳಿ, ಹಸಿರು, ಕಪ್ಪು ಯಾವ ಬಣ್ಣದ ಬೂಷ್ಟು ಕಂಡರೂ ಮೇಲಿನದ್ದನ್ನು ತೆಗೆದು ಉಳಿದದ್ದನ್ನು ಬಳಸುವ ಲೆಕ್ಕ ಬೇಡ, ಪೂರ್ತಿ ಚೆಲ್ಲಿ. ಮುಚ್ಚಿದ ಬಾಟಲಿ ತೆರೆದಾಗ ಟಪ್ ಅಂತ ಗಾಳಿ ಹೊರಟರೆ ಅದನ್ನೂ ಚೆಲ್ಲಿ.

ಹಸಿ ಹಣ್ಣು ಸಿಗದವರಿಗೆ

ಒಣ ಸಿಪ್ಪೆಯಿಂದ ಮಾಡಿದ್ದಕ್ಕೆ ಆ ಪರಿಮಳ ಬರುವುದಿಲ್ಲ, ಆದರೂ ಕೆಟ್ಟದ್ದೇನಲ್ಲ. ಕೊಳ್ಳುವಾಗ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಉಪ್ಪು ಹಾಕಿ ಒಣಗಿಸಿದ್ದು ಇದಕ್ಕೆ ಆಗುವುದಿಲ್ಲ. 100 ಗ್ರಾಂ ಸಿಪ್ಪೆಯನ್ನು ತೊಳೆದು, ಅರ್ಧ ಲೀಟರ್ ಬಿಸಿನೀರಿನಲ್ಲಿ ಐದಾರು ಗಂಟೆ ನೆನೆಸಿ, ಕಿವುಚಿ ಸೋಸಿ. ಬಂದ ರಸವನ್ನು ತೂಗಿ, ಅದರ ಎರಡರಷ್ಟು ಸಕ್ಕರೆ ಹಾಕಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗುವಷ್ಟೇ ಬಿಸಿ ಮಾಡಿ ಇಳಿಸಿ. ನೀರು ಸೇರಿದ್ದರಿಂದ ಇದು ಫ್ರಿಜ್ಜಿನಲ್ಲೇ ಇರಲಿ.

ಕುಡಿಯುವುದು

ಒಂದು ಪಾಲು ಸಿರಪ್ಪಿಗೆ ನಾಲ್ಕರಿಂದ ಐದು ಪಾಲು ತಣ್ಣೀರು. ಚಿಟಿಕೆ ಉಪ್ಪು, ಹುರಿದು ಆಗಷ್ಟೇ ಕುಟ್ಟಿದ ಜೀರಿಗೆ ಪುಡಿ. ಜೀರಿಗೆಯನ್ನು ಬಾಟಲಿಗೇ ಬೆರೆಸಿಡುವ ರೂಢಿ ಇದೆ, ನನಗೆ ಅದು ಸರಿ ಕಾಣುವುದಿಲ್ಲ. ಹದಿನೈದು ದಿನದಲ್ಲಿ ಅದರ ಘಮ ಹೋಗಿ ಬರೀ ಹೊಟ್ಟಿನ ರುಚಿ ಉಳಿಯುತ್ತದೆ. ಲೋಟಕ್ಕೇ ಹಾಕಿ. ಸೋಡಾದ ಜೊತೆಗೂ ಚೆನ್ನಾಗಿರುತ್ತದೆ. ಹಾಲು ಸೇರಿಸಬೇಡಿ, ಒಡೆಯುತ್ತದೆ.

ಪಿತ್ತಕ್ಕೆ ಒಳ್ಳೆಯದು ಅಂತ ನಮ್ಮ ಕಡೆ ಹಿರಿಯರು ಮುರುಗಲ ಪಾನಕ ಕೊಡುತ್ತಿದ್ದರು, ಬಿಸಿಲಿನಿಂದ ಬಂದವರಿಗೆ ತಂಪು ಅನ್ನಿಸುವುದಂತೂ ನಿಜ. ಆದರೆ 40 ಮಿಲಿಲೀಟರ್ ಸಿರಪ್ಪಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಏಳೆಂಟು ಟೀ ಚಮಚ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬೇಡ, ಅವರಿಗೆ ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿ ಕೊಡಿ. ತೂಕ ಇಳಿಸುತ್ತದೆ ಅಂತ ಹೇಳಿ ಮಾರುವವರ ಮಾತು ಕೇಳಿ ಲೋಟಗಟ್ಟಲೆ ಕುಡಿಯುವುದೂ ಬೇಡ.

ಉಳಿದ ಸಿಪ್ಪೆ, ತಿರುಳು, ಬೀಜ

ಸೋಸಿದ ಸಿಪ್ಪೆ ಸಿಹಿ ಹುಳಿ ಮಿಠಾಯಿಯಂತಿರುತ್ತದೆ. ಎರಡು ದಿನ ಒಣಗಿಸಿ ಡಬ್ಬಿಗೆ ಹಾಕಿಟ್ಟರೆ ಮಕ್ಕಳು ಹಾಗೇ ತಿನ್ನುತ್ತಾರೆ. ಸಣ್ಣಗೆ ಹೆಚ್ಚಿ ಹಸಿಮೆಣಸು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಸಿಹಿ ಗೊಜ್ಜು ಆಗುತ್ತದೆ.

ಬಟ್ಟಲಿನಲ್ಲಿ ಎತ್ತಿಟ್ಟ ಬೀಜ ಮತ್ತು ತಿರುಳಿಗೆ ಸ್ವಲ್ಪ ನೀರು, ಉಪ್ಪು ಹಾಕಿ ಕಿವುಚಿ ಸೋಸಿದರೆ ಆ ದಿನದ ಸಾರಿಗೆ ಹುಳಿ ಸಿಕ್ಕಿತು. ಬೀಜವನ್ನು ಬೂದಿ ಸವರಿ ಉಜ್ಜಿ ತೊಳೆದು, ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿಸಿ. ಸಿಪ್ಪೆ ಒಡೆದು, ಒಳಗಿನ ಬೇಳೆಯನ್ನು ಕುಟ್ಟಿ ನುಣ್ಣಗೆ ಅರೆದು, ನೀರಿನಲ್ಲಿ ಕುದಿಸಿದರೆ ಮೇಲೆ ಕೊಬ್ಬು ತೇಲುತ್ತದೆ. ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಬಿಳಿಯ ಗಟ್ಟಿ ಪದರ. ಅದನ್ನು ಎತ್ತಿ, ಕರಗಿಸಿ ಸೋಸಿ, ಉಂಡೆ ಕಟ್ಟಿಡಿ. ಇದೇ ಮುರುಗಲ ತುಪ್ಪ. ಮಳೆಗಾಲದಲ್ಲಿ ಒದ್ದೆಯಲ್ಲಿ ಓಡಾಡಿ ಒಡೆದ ಹಿಮ್ಮಡಿಗೆ ರಾತ್ರಿ ಮಲಗುವ ಮೊದಲು ಹಚ್ಚಿ. ಒಂದೆರಡು ಕಿಲೋ ಹಣ್ಣಿನ ಬೀಜಕ್ಕೆ ಇಷ್ಟು ಕೆಲಸ ಮಾಡುವುದು ಕಷ್ಟ, ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಬೀಜ ಒಟ್ಟು ಹಾಕಿ ಒಂದೇ ದಿನ ಮಾಡಿದರೆ ಸುಲಭ.